ಎಂಜಿನ್ ಓಡುತ್ತದೆ, ದೀಪ ಉರಿಯದು – ಏಕೆ?



ಇವತ್ತು ನಾವು ಜನರೇಟರ್ ಬಗ್ಗೆ ಮಾತಾಡೋಣ. ಕಲ್ಯಾಣ ಮಂಟಪದ ದೊಡ್ಡ ಜನರೇಟರ್ ಅಲ್ಲ. ಇಬ್ಬರು ಹಿಡಿದು ಎತ್ತುವ ಚಿಕ್ಕ ಪೆಟ್ರೋಲ್ ಜನರೇಟರ್.

ನಮ್ಮ ಜಯನಗರ, ಬನಶಂಕರಿ ಕಡೆ ಮರಗಳು ಜಾಸ್ತಿ. ಮಳೆಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ. ಕರೆಂಟ್ ಹೋಗುತ್ತದೆ. ಹೊಲಿಗೆ ನಿಲ್ಲುತ್ತದೆ. ಅಂಗಡಿ ಕತ್ತಲಾಗುತ್ತದೆ. ಆಗ ಮೂಲೆಯ ಜನರೇಟರ್ ಹೊರಗೆ ಬರುತ್ತದೆ. ಹಗ್ಗ ಎಳೆದರೆ ಡಬಡಬ ಅಂತ ಓಡುತ್ತೆ. ದೀಪ ಮಾತ್ರ ಉರಿಯೋದಿಲ್ಲ! "ಕಾಯಿಲ್ ಸುಟ್ಟಿದೆ, ಸಾವಿರಾರು ರೂಪಾಯಿ ಆಗುತ್ತೆ" ಅಂತ ಯಾರೋ ಹೇಳುತ್ತಾರೆ. ದುಡ್ಡು ಕೊಡುವ ಮುಂಚೆ ನಾವೂ ಒಂದಿಷ್ಟು ನೋಡಬೇಡವೇ?

ಕೈ ಬೇರೆ, ಕಲ್ಲು ಬೇರೆ

ಬೀಸುವ ಕಲ್ಲು ನೆನೆಸಿಕೊಳ್ಳಿ. ಕೈ ತಿರುಗಿಸುತ್ತದೆ. ಕಲ್ಲು ಹಿಟ್ಟು ಮಾಡುತ್ತದೆ. ಜನರೇಟರಿನಲ್ಲೂ ಹಾಗೇ. ಎಂಜಿನ್ ತಿರುಗಿಸುವ ಕೈ. ಕರೆಂಟ್ ಮಾಡುವ ಭಾಗ ಕಲ್ಲು. ಸದ್ದು ಬಂದರೆ ಕೈ ಚೆನ್ನಾಗಿದೆ ಅಂತ ಅರ್ಥ. ಹಿಟ್ಟು ಬಂತು ಅಂತ ಅಲ್ಲ.

ನಾವೇ ನೋಡಬಹುದಾದ್ದು

ಮೊದಲು ಎಂಜಿನ್ ನಿಲ್ಲಿಸಿ. ಎಲ್ಲ ಪ್ಲಗ್ ತೆಗೆಯಿರಿ. ಕೈ ಒಣಗಿರಲಿ.

ಒಂದು: ಜನರೇಟರಿನ ಮೈಮೇಲೆ ಬ್ರೇಕರ್ ಇರುತ್ತದೆ. ಭಾರ ಹೆಚ್ಚಾದರೆ ಅದು ತಾನೇ ಕೆಳಗೆ ಬೀಳುತ್ತದೆ. ಕೆಲವದರಲ್ಲಿ ಗುಂಡಿ ಹೊರಗೆ ಬರುತ್ತದೆ. ಅದನ್ನು ಮೊದಲಿನಂತೆ ಮಾಡಿ. ಏನೂ ಹಾಕದಿದ್ದರೂ ಮತ್ತೆ ಬಿದ್ದರೆ, ಅಲ್ಲಿಗೇ ಬಿಡಿ.

ಎರಡು: ಜನರೇಟರ್ ಮೇಲಿನ ಅಂಕಿ ಓದಿ. 500 ಎಂದಿದ್ದರೆ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಅದಕ್ಕೆ ಭಾರ. ಅಂಕಿ ಓದಲು ಬಂದರೆ ಯಂತ್ರವೂ ಉಳಿಯಿತು, ದುಡ್ಡೂ ಉಳಿಯಿತು.

ಮೂರು: ಈಗ ಎಂಜಿನ್ ಓಡಿಸಿ. ಮನೆಯಲ್ಲಿ ಉರಿಯುತ್ತಿದ್ದ ಒಂದು ಟೇಬಲ್ ದೀಪವನ್ನು ನೇರ ಜನರೇಟರಿಗೇ ಹಾಕಿ. ಉರಿಯಿತೇ? ಹಾಗಾದರೆ ಜನರೇಟರ್ ಸರಿ ಇದೆ. ಉದ್ದದ ವೈರಿನಲ್ಲಿ ದೋಷ ಇರಬಹುದು. ಉರಿಯದಿದ್ದರೆ ಇನ್ನೊಂದು ಸಾಕೆಟ್ಟಿನಲ್ಲಿ ಹಾಕಿ ನೋಡಿ.

ಹೆಪ್ಪು ಹೋಗಿರಬಹುದು

ತಾಮ್ರದ ಸುರುಳಿ ಮತ್ತು ಅಯಸ್ಕಾಂತ – ಎರಡರಲ್ಲಿ ಒಂದು ತಿರುಗಿದರೆ ಕರೆಂಟ್ ಹುಟ್ಟುತ್ತದೆ. ಅಯಸ್ಕಾಂತ ಆಡಿಸಿ ಕರೆಂಟ್ ಹುಟ್ಟಿಸಬಹುದು ಎಂದು 1831ರಲ್ಲಿ ತೋರಿಸಿದವರು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ. ಅವರು ಕಮ್ಮಾರನ ಮಗ. ಶಾಲೆಗೆ ಹೋದದ್ದು ಸ್ವಲ್ಪ. ಪುಸ್ತಕಕ್ಕೆ ರಟ್ಟು ಹಾಕುವ ಕೆಲಸ ಮಾಡುತ್ತಾ, ಅದೇ ಪುಸ್ತಕ ಓದಿ ಕಲಿತರು. ಶಿವನಸಮುದ್ರದಲ್ಲಿ ಕಾವೇರಿ ನೀರು ತಿರುಗಿಸಿದ್ದೂ ಇಂಥ ಯಂತ್ರವನ್ನೇ. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು ಅಲ್ಲಿಂದ.

ಅನೇಕ ಚಿಕ್ಕ ಜನರೇಟರುಗಳಲ್ಲಿ ಕಾಯಂ ಅಯಸ್ಕಾಂತ ಇರುವುದಿಲ್ಲ. ಒಳಗಿನ ಕಬ್ಬಿಣದಲ್ಲಿ ಹಿಂದಿನ ಸಲದ ಅಯಸ್ಕಾಂತ ಗುಣ ಒಂಚೂರು ಉಳಿದಿರುತ್ತದೆ. ಅದೇ ಹೆಪ್ಪು. ಒಂದು ಚಮಚ ಹೆಪ್ಪಿನಿಂದ ಪಾತ್ರೆ ಹಾಲು ಮೊಸರಾಗುವ ಹಾಗೆ, ಆ ಚೂರಿನಿಂದ ಪೂರ್ತಿ ಕರೆಂಟ್ ಬೆಳೆಯುತ್ತದೆ. ಬಹಳ ತಿಂಗಳು ಓಡಿಸದಿದ್ದರೆ ಆ ಗುಣ ಹೋಗಬಹುದು. ಆಗ ಕಾಯಿಲ್ ಸುಟ್ಟಿರುವುದಿಲ್ಲ. ಬಲ್ಲ ಮೆಕ್ಯಾನಿಕ್ ಬ್ಯಾಟರಿಯಿಂದ ಸ್ವಲ್ಪ ಕರೆಂಟ್ ಕೊಟ್ಟು ಮತ್ತೆ ಹೆಪ್ಪು ಹಾಕುತ್ತಾನೆ. ಬ್ರಷ್ ಸವೆದಿರಬಹುದು, ಕೆಪಾಸಿಟರ್ ಕೆಟ್ಟಿರಬಹುದು. ಕಾಯಿಲ್ ನಿಜವಾಗಿ ಸುಟ್ಟಿರಲೂಬಹುದು. ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳೋಣ.

ಮುಚ್ಚಳ ಮಾತ್ರ ನಾವು ಬಿಚ್ಚುವುದು ಬೇಡ. ಎಂಜಿನ್ ನಿಂತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯಬಹುದು.

ಎರಡು ಮಾತು ಮರೆಯಬೇಡಿ

ಜನರೇಟರನ್ನು ಮನೆಯೊಳಗೆ, ಅಂಗಡಿಯೊಳಗೆ ಓಡಿಸಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಇದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಬಾಗಿಲು, ಕಿಟಕಿಯಿಂದ ದೂರ, ಬಯಲಲ್ಲಿ ಇಡಿ.

ಜನರೇಟರಿನ ವೈರನ್ನು ಗೋಡೆಯ ಪ್ಲಗ್ಗಿಗೆ ಹಾಕಿ ಮನೆಗೆ ಕರೆಂಟ್ ಕೊಡಬೇಡಿ. ಅದು ಬೀದಿಯ ತಂತಿಗೆ ಹೋಗಬಹುದು. ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದಕ್ಕೆ ಹರಿದರೆ ಮನೆಯ 230 ವೋಲ್ಟ್ ಅತ್ತ ಕಡೆ 11,000 ವೋಲ್ಟಿನವರೆಗೂ ಏರಬಹುದು. ನಮಗೇ ಲೈಟ್ ಕೊಡಲು ಕಂಬ ಹತ್ತಿದ ಲೈನ್‌ಮ್ಯಾನ್ ಸಾಯುತ್ತಾನೆ. ಅವನಿಗೂ ಮನೆಯಲ್ಲಿ ಕಾಯುವವರು ಇದ್ದಾರೆ.

ಚೀಟಿ ಬರೆಯಿರಿ

ಮೆಕ್ಯಾನಿಕ್ ಹತ್ತಿರ ಹೋಗುವಾಗ ಹೀಗೆ ಬರೆದುಕೊಂಡು ಹೋಗಿ:

"ಎಂಜಿನ್ ಓಡುತ್ತದೆ. ಬ್ರೇಕರ್ ಸರಿ ಇದೆ. ನೇರ ಹಾಕಿದರೂ ದೀಪ ಉರಿಯಲಿಲ್ಲ. ಆರು ತಿಂಗಳಿಂದ ಓಡಿಸಿಲ್ಲ."

ನಾಲ್ಕೇ ಸಾಲು. ಇದನ್ನು ಓದಿದ ಮೆಕ್ಯಾನಿಕ್ ನಿಮಗೆ ಬಾಯಿಗೆ ಬಂದ ರೇಟು ಹೇಳುವ ಮುಂಚೆ ಯೋಚಿಸುತ್ತಾನೆ. ಸರಿಯಾದ ಮೇಲೆ ತಿಂಗಳಿಗೊಮ್ಮೆ ಒಂದು ದೀಪ ಹಾಕಿ ಸ್ವಲ್ಪ ಹೊತ್ತು ಓಡಿಸಿ. ಹೆಪ್ಪು ಉಳಿಯುತ್ತದೆ.