ಬೇಲಿಯೇ ಹೊಲ ಮೇಯ್ದಾಗ

1918ರ ಇನ್‌ಫ್ಲುಯೆಂಜಾ ಇಪ್ಪತ್ತು-ನಲವತ್ತರ ನಡುವಣ ಗಟ್ಟಿಮುಟ್ಟಾದವರನ್ನೂ ರಾಶಿರಾಶಿಯಾಗಿ ಒಯ್ದಿತು. ಅವರ ಬಲವೇ ಅವರಿಗೆ ಮುಳುವಾಯಿತೆ?

ವೈರಾಣು ಶ್ವಾಸಕೋಶವನ್ನು ಹೊಕ್ಕೊಡನೆ ಅಲ್ಲಿನ ಜೀವಕೋಶಗಳು ಸೈಟೊಕೈನ್ ಎಂಬ ರಾಸಾಯನಿಕ ದೂತರನ್ನು ಅಟ್ಟುತ್ತವೆ. ಆ ಕರೆಗೆ ಓಗೊಟ್ಟು ಬಿಳಿಯ ರಕ್ತಕಣಗಳು ಧಾವಿಸುತ್ತವೆ; ಸಣ್ಣ ರಕ್ತನಾಳಗಳ ಗೋಡೆ ಸಡಿಲಗೊಂಡು ದ್ರವ ಜಿನುಗುತ್ತದೆ. ಇದೇ ಉರಿಯೂತ. ಮಿತದಲ್ಲಿದ್ದರೆ ರಕ್ಷೆ, ಮೀರಿದರೆ ಗಾಳಿಯಾಡಬೇಕಾದ ಗೂಡುಗಳಲ್ಲಿ ದ್ರವವೇ ತುಂಬಿ ರೋಗಿ ಉಸಿರಿಗಾಗಿ ಒದ್ದಾಡುತ್ತಾನೆ. 2005ರಲ್ಲಿ ವಿಜ್ಞಾನಿಗಳು ಆ ಹಳೆಯ ವೈರಾಣುವನ್ನು ಪುನಃ ಸೃಷ್ಟಿಸಿದರು. 2007ರಲ್ಲಿ ಪ್ರಕಟವಾದ ಕೋತಿಗಳ ಮೇಲಿನ ಪ್ರಯೋಗದಲ್ಲಿ ಇಂಥದೇ ಅಂಕೆತಪ್ಪಿದ ಪ್ರತಿಕ್ರಿಯೆ ಕಂಡುಬಂತು. (ಹಿಂದೆಯೇ ನುಗ್ಗಿದ ಬ್ಯಾಕ್ಟೀರಿಯಾಗಳೂ ಅನೇಕರನ್ನು ಕೊಂದವೆಂಬುದನ್ನು ಮರೆಯಲಾಗದು.)

ಹಾಗಾದರೆ ಉರಿಯೂತವನ್ನೇ ಅಡಗಿಸಬಾರದೇಕೆ? 2020ರಲ್ಲಿ ಆಮ್ಲಜನಕದ ಆಸರೆ ಬೇಕಾಗಿದ್ದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸಾವನ್ನು ತಗ್ಗಿಸಿತು. ಇನ್‌ಫ್ಲುಯೆಂಜಾಕ್ಕೆ ಆ ಫಲಿತಾಂಶವನ್ನು ಹಾಗೆಯೇ ಹೊಂದಿಸಲಾಗದು: ವೈರಾಣುವನ್ನು ಶ್ವಾಸಕೋಶದಿಂದ ಹೊರಗಟ್ಟಬೇಕಾದದ್ದೂ ಅದೇ ಕಾವಲುಪಡೆಯಷ್ಟೆ.