ಅತಿಥಿಯೂ ಗಿರಾಕಿಯೂ

(ಕಟಕೋಳದಲ್ಲಿ ನೆರೆದ ಸದ್ಭಕ್ತರಿಗೆ ದಯಪಾಲಿಸಿದ ಆಶೀರ್ವಚನ)



ಇಂದು ಬೆಳಿಗ್ಗೆ ನಾವು ಪೂಜೆ ಮುಗಿಸಿ ಕುಳಿತಿದ್ದಾಗ ಈ ಊರಿನ ನಾಲ್ಕಾರು ಹಿರಿಯರು ಬಂದು ಒಂದು ಬಿನ್ನಹ ಮಾಡಿದರು. ಮಠದ ಯಾತ್ರಿನಿವಾಸ ಹಳೆಯದಾಗಿದೆ, ಮಳೆಗಾಲದಲ್ಲಿ ಸೋರುತ್ತದೆ, ಅದನ್ನು ಹೊಸದಾಗಿ ಕಟ್ಟಬೇಕು ಎಂದರು. ಒಳ್ಳೆಯ ಮಾತು. ಅದರ ಮೇಲಂತಸ್ತಿನಲ್ಲಿ ಹತ್ತು ಕೋಣೆಗಳನ್ನು ದೊಡ್ಡ ಹೋಟೆಲುಗಳ ಮಾದರಿಯಲ್ಲಿ ಕಟ್ಟಿಸಿ ಹೆಚ್ಚಿನ ಬಾಡಿಗೆಗೆ ಕೊಟ್ಟರೆ, ಆ ಹಣದಿಂದ ದಾಸೋಹ ನಿರಾತಂಕವಾಗಿ ನಡೆಯುತ್ತದೆ ಎಂದೂ ಹೇಳಿದರು. ಅವರ ಜೊತೆಗಿದ್ದ ಒಬ್ಬ ತರುಣ ತನ್ನ ಮೊಬೈಲಿನಲ್ಲಿ ಜಗತ್ತಿನ ಹೊಸ ಹೊಸ ಹೋಟೆಲುಗಳ ಚಿತ್ರಗಳನ್ನು ತೋರಿಸಿದ. ‘ನೋಡ್ರಿ ಅಜ್ಜಾರ, ಜಗತ್ತು ಎಲ್ಲಿಗೆ ಹೋಗೇತಿ’ ಅಂದ. ನಾವು ನೋಡಿದೆವು. ಚೆಂದ ಇದ್ದವು. ಸಂಜೆ ಎಲ್ಲರೂ ಕೂಡಿದಾಗ ಉತ್ತರ ಹೇಳುತ್ತೇವೆ ಎಂದು ಅವರನ್ನು ಕಳುಹಿಸಿದೆವು. ಈಗ ಆ ಉತ್ತರವನ್ನು ನಿಮ್ಮೆಲ್ಲರ ಮುಂದೆ ಹೇಳಬೇಕಾಗಿದೆ.

ಆ ತರುಣ ತೋರಿಸಿದ ಹೋಟೆಲುಗಳು ಸಾಮಾನ್ಯವಾದವುಗಳಲ್ಲ. ದುಬೈ ಪಟ್ಟಣದಲ್ಲಿ ಸಮುದ್ರದೊಳಗೆ ಮನುಷ್ಯರೇ ಒಂದು ನಡುಗಡ್ಡೆ ನಿರ್ಮಿಸಿ, ಅದರ ಮೇಲೆ ಹಡಗಿನ ಹಾಯಿಯ ಆಕಾರದ ಬುರ್ಜ್ ಅಲ್ ಅರಬ್ ಎಂಬ ಹೋಟೆಲನ್ನು ಕಟ್ಟಿ 1999ರಲ್ಲಿ ತೆರೆದರು. ಅದೇ ಊರಿನಲ್ಲಿ 2023ರಲ್ಲಿ ಅಟ್ಲಾಂಟಿಸ್ ದಿ ರಾಯಲ್ ಎಂಬ ಇನ್ನೊಂದು ಭವ್ಯ ಹೋಟೆಲು ತೆರೆಯಿತು. ಸಿಂಗಪುರದಲ್ಲಿ 2010ರಲ್ಲಿ ಮೂರು ಗೋಪುರಗಳನ್ನು ಎಬ್ಬಿಸಿ, ಮೂರರ ನೆತ್ತಿಯ ಮೇಲೂ ಹಾಯುವಂತೆ ತೋಟ ಮತ್ತು ಈಜುಕೊಳ ಮಾಡಿದ್ದಾರೆ. ಸ್ವೀಡನ್ ದೇಶದಲ್ಲಿ ಚಳಿಗಾಲ ಬಂದಾಗ ನದಿಯ ಮಂಜುಗಡ್ಡೆಯನ್ನು ಕೊರೆದು ತಂದು ಹೋಟೆಲು ಕಟ್ಟುತ್ತಾರೆ. ಬಿಸಿಲು ಏರಿದಂತೆ ಅದು ಕರಗುತ್ತದೆ, ಮರುವರ್ಷ ಮತ್ತೆ ಕಟ್ಟುತ್ತಾರೆ.

ದೂರದ ಮಾತೇಕೆ? ನಮ್ಮ ನಾಡಿನಲ್ಲಿಯೂ ಇವೆ. ಮೈಸೂರಿನ ಲಲಿತಮಹಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಸ್ತಿಭಾರ ಹಾಕಿಸಿದ್ದು ವೈಸರಾಯರು ಬಂದರೆ ಇಳಿದುಕೊಳ್ಳಲೆಂದು. 1974ರಲ್ಲಿ ಅದು ಹೋಟೆಲಾಯಿತು. ಅರಮನೆ ಹೋಟೆಲಾದ ಕಥೆ ಇದು. ಇತ್ತೀಚಿನ ವರ್ಷಗಳಲ್ಲಿ ಹಂಪಿಯ ಹತ್ತಿರ ಕಮಲಾಪುರದಲ್ಲಿ ವಿಜಯನಗರದ ಕಮಾನು, ಗೋಪುರಗಳನ್ನು ಅನುಸರಿಸಿ ಹೊಸ ಹೋಟೆಲನ್ನೇ ಅರಮನೆಯಂತೆ ಕಟ್ಟಿದ್ದಾರೆ. ನಮ್ಮ ಮಗ್ಗುಲಿನ ಸವದತ್ತಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ 2024ರಲ್ಲಿ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಚಕ್ಕಡಿ ಕಟ್ಟಿಕೊಂಡು ಬಂದು ಮರದ ನೆರಳಿನಲ್ಲಿ ಒಲೆ ಹೂಡುತ್ತಿದ್ದ ಜನ ನಾಳೆ ವಸತಿಗೃಹ ಕೇಳುವುದು ಸಹಜ. ಹೀಗಿರುವಾಗ ಹಿರಿಯರ ಮನಸ್ಸಿನಲ್ಲಿ ಆ ಹತ್ತು ಕೋಣೆಗಳ ವಿಚಾರ ಬಂದದ್ದು ತಪ್ಪಲ್ಲ.

ಆದರೆ ವಿಚಾರ ಮಾಡಬೇಕಾದ ಮಾತೊಂದಿದೆ. ಈ ಹೋಟೆಲಿನವರು ಬಂದವರನ್ನು ‘ಅತಿಥಿ’ ಎಂದು ಕರೆಯುತ್ತಾರೆ. ಅತಿಥಿ ಎಂದರೆ ಯಾರು? ನಾವು ಪಾಠಶಾಲೆಯಲ್ಲಿ ಓದುವಾಗ ಗುರುಗಳು ಈ ಶಬ್ದವನ್ನು ಬಿಡಿಸಿ ಹೇಳುತ್ತಿದ್ದರು. ಯಾರ ಬರುವಿಕೆಗೆ ತಿಥಿಯ ಗೊತ್ತಿಲ್ಲವೋ ಅವನು ಅತಿಥಿ. ಇಂಥ ದಿನ ಬರುತ್ತೇನೆಂದು ಹೇಳಿ ಕಳುಹಿಸದೆ, ಹೊತ್ತಿಲ್ಲದ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಂತವನು. ಒಂದೇ ರಾತ್ರಿ ತಂಗಿ ಹೋಗುವವನು ಎಂದು ಸ್ಮೃತಿಕಾರರು ಹೇಳಿದ್ದಾರೆ. ತೈತ್ತಿರೀಯ ಉಪನಿಷತ್ತಿನಲ್ಲಿ ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುವು ತಾಯಿ, ತಂದೆ, ಆಚಾರ್ಯರ ಸಾಲಿನಲ್ಲಿಯೇ ಅತಿಥಿಯನ್ನೂ ಇರಿಸಿ, ಇವರನ್ನು ದೇವರೆಂದು ಕಾಣು ಎಂದು ಬೋಧಿಸುತ್ತಾನೆ. ಹೆತ್ತವರ ಸಾಲಿನಲ್ಲಿ ಗುರುತಿಲ್ಲದವನನ್ನು ಏಕೆ ಇರಿಸಿದರು? ಅವನಿಂದ ನಮಗೆ ಬರುವುದೇನೂ ಇಲ್ಲ. ಅವನಿಗೆ ಕೊಟ್ಟದ್ದು ಮರಳಿ ಬರುವುದಿಲ್ಲ. ಅದಕ್ಕಾಗಿಯೇ ಆ ಸೇವೆ ಶುದ್ಧವಾದದ್ದು.

ಹೋಟೆಲಿಗೆ ಹೋಗುವವನು ತಿಥಿಯನ್ನು ಮುಂಚೆಯೇ ಗೊತ್ತುಮಾಡಿ, ಹಣ ಕಟ್ಟಿ, ಚೀಟಿ ಪಡೆದು ಹೋಗುತ್ತಾನೆ. ಅವನು ಗಿರಾಕಿ. ಗಿರಾಕಿಯಾಗುವುದು ಪಾಪವಲ್ಲ. ಸಂತೆಯಲ್ಲಿ ನಾವೆಲ್ಲರೂ ಗಿರಾಕಿಗಳೇ. ಊರು ಬಿಟ್ಟು ಊರಿಗೆ ಹೋದವನಿಗೆ ಹಣ ಕೊಟ್ಟರೆ ಒಂದು ಕೋಣೆ ಸಿಗುವುದು ದೊಡ್ಡ ಅನುಕೂಲವೇ ಸರಿ. ಆದರೆ ಗಿರಾಕಿಗೆ ಅತಿಥಿಯೆಂದು ಹೆಸರಿಟ್ಟ ಮೇಲೆ ನಿಜವಾದ ಅತಿಥಿ ಎಲ್ಲಿಗೆ ಹೋಗಬೇಕು?

ಲೆಕ್ಕವನ್ನೂ ಸ್ವಲ್ಪ ನೋಡೋಣ. ದಿನದ ಬಾಡಿಗೆ 7,500 ರೂಪಾಯಿ ಮೀರಿದ ಕೋಣೆಗೆ ಸರ್ಕಾರ ನೂರಕ್ಕೆ 18ರಂತೆ ತೆರಿಗೆ ಹಾಕುತ್ತದೆ. ಸರ್ಕಾರದ ಕಣ್ಣಿನಲ್ಲಿಯೂ ಅದು ಉಳ್ಳವರ ಭೋಗ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಬುಟ್ಟಿ ಹೊತ್ತು ಕೆರೆಯ ಹೂಳು ತೆಗೆಯುವ ತಾಯಿ 20 ದಿನ ದುಡಿದರೂ ಅಂಥ ಕೋಣೆಯ ಒಂದು ರಾತ್ರಿಯ ಬಾಡಿಗೆ ಕೂಡುವುದಿಲ್ಲ. ಆ ತಾಯಿ ನಮ್ಮ ಮಠಕ್ಕೆ ಬಂದಾಗ ಮೇಲಂತಸ್ತಿನತ್ತ ಕತ್ತೆತ್ತಿ ನೋಡಿ, ಅದು ನಮಗಲ್ಲ ಎಂದುಕೊಂಡು ಕೆಳಗೆ ಚಾಪೆ ಹಾಸಿದರೆ, ನಾವು ಕಟ್ಟಿದ್ದು ಏನು?

ಒಂದು ಸಂಗತಿ ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಒಂದು ಸಭೆಯ ನಿಮಿತ್ತ ಬೆಂಗಳೂರಿಗೆ ಹೋಗಿದ್ದೆವು. ಭಕ್ತರೊಬ್ಬರು ಪ್ರೀತಿಯಿಂದ ನಮ್ಮನ್ನು ದೊಡ್ಡದೊಂದು ಹೋಟೆಲಿನಲ್ಲಿ ಇಳಿಸಿದರು. ಬೇಡವೆನ್ನಲು ಬಾಯಿ ಬರಲಿಲ್ಲ; ಅದು ನಮ್ಮ ದೌರ್ಬಲ್ಯ. ರಾತ್ರಿ ಒಬ್ಬ ಹುಡುಗ ಬಿಸಿನೀರು ತಂದ. ನಮ್ಮನ್ನು ನೋಡಿದವನೇ ಪಾದಕ್ಕೆರಗಿದ.

‘ಯಾವೂರಪ್ಪಾ?’ ಎಂದೆವು.

‘ರಾಮದುರ್ಗ ಕಡೇದಾವ್ರಿ, ಅಜ್ಜಾರ.’

‘ಉಂಡ್ಯಾ?’

‘ಇಲ್ಲರಿ. ಹನ್ನೊಂದರ ಮ್ಯಾಲೆ ಪಾಳಿ ಮುಗೀತೈತಿ, ಆಮ್ಯಾಲೆ ಉಣ್ಣೂದ್ರಿ.’

ಕುಳಿತುಕೊಳ್ಳಪ್ಪಾ ಎಂದು ಮುಂದಿದ್ದ ಮೆತ್ತನೆಯ ಕುರ್ಚಿ ತೋರಿಸಿದೆವು. ಅವನು ಹಿಂದೆ ಸರಿದ. ‘ದಿನಾ ಒರಸ್ತೀನ್ರಿ, ಒಮ್ಮೆನೂ ಕುಂತಿಲ್ಲರಿ’ ಅಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಊರಿನಲ್ಲಿ ಮಳೆ ಕೈಕೊಟ್ಟಿತ್ತು, ತಂಗಿಯ ಓದು ಇವನ ಸಂಬಳದಿಂದಲೇ ನಡೆದಿತ್ತು. ಆ ರಾತ್ರಿ ಆ ಗಾದಿಯ ಮೇಲೆ ನಮಗೆ ನಿದ್ದೆ ಹತ್ತಲಿಲ್ಲ. ಈ ಸಭೆಯಲ್ಲಿಯೂ ಗೋವೆಯಲ್ಲಿ, ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಹೋದ ಮಕ್ಕಳ ತಾಯಂದಿರು ಕುಳಿತಿದ್ದೀರಿ. ನಿಮ್ಮ ಮಕ್ಕಳ ದುಡಿಮೆಯನ್ನು ನಾವು ಕೀಳಾಗಿ ಕಾಣುವುದಿಲ್ಲ. ಕಾಯಕ ಯಾವುದಾದರೂ ಕೈಲಾಸವೇ.

ಆ ಕಾಯಕದ ಘನತೆಯನ್ನು ಜಗತ್ತು ಒಮ್ಮೆ ಕಣ್ಣಾರೆ ಕಂಡಿದೆ. ಮುಂಬಯಿಯ ತಾಜಮಹಲ್ ಹೋಟೆಲು 1903ರಲ್ಲಿ ತೆರೆದದ್ದು. 2008ರ ನವೆಂಬರ್ 26ರ ರಾತ್ರಿ ಉಗ್ರರು ಅದರೊಳಗೆ ನುಗ್ಗಿ ಗುಂಡು ಹಾರಿಸಿದರು, ಬೆಂಕಿ ಹಚ್ಚಿದರು. ಹಿಂಬಾಗಿಲುಗಳ ದಾರಿ ಗೊತ್ತಿದ್ದವರು ಅಲ್ಲಿನ ಕೆಲಸಗಾರರು. ಅವರು ಓಡಿಹೋಗಬಹುದಿತ್ತು. ಆದರೆ ಬಡಿಸುವವರು, ಅಡಿಗೆಯವರು ಬಂದವರನ್ನು ಕೋಣೆಗಳಲ್ಲಿ ಬಚ್ಚಿಟ್ಟು, ನೀರು ಕೊಟ್ಟು, ಅಡ್ಡ ನಿಂತು ಹೊರಗೆ ದಾಟಿಸಿದರು. ಅವರಲ್ಲಿ ಹಲವರು ಪ್ರಾಣ ಕೊಟ್ಟರು. ಯಾವ ಸಂಬಳದ ಚೀಟಿಯಲ್ಲಿ ಅದು ಬರೆದಿತ್ತು? ಬಂದವರು ಹಣ ಕೊಟ್ಟ ಗಿರಾಕಿಗಳು ಎಂಬುದು ಆ ಹೊತ್ತಿನಲ್ಲಿ ಅಳಿದುಹೋಗಿ, ಅವರು ನಿಜವಾದ ಅತಿಥಿಗಳಾದರು. 2020ರಲ್ಲಿ ಕೊರೋನಾ ಬಂದು ಕೋಣೆಗಳು ಖಾಲಿ ಬಿದ್ದಾಗ ಅದೇ ಹೋಟೆಲು ವೈದ್ಯರಿಗೆ ವಸತಿ ಕೊಟ್ಟಿತು. ಕಟ್ಟಡದ ದೊಡ್ಡಸ್ತಿಕೆ ತಿಳಿಯುವುದು ಇಂಥ ದಿನಗಳಲ್ಲಿ.

ಹಂಪಿಗೆ ಹೋದವರು ಒಂದು ಸಂಗತಿಯನ್ನು ನೋಡಿರಬಹುದು. ರಾಯರ ಅರಮನೆಗಳು ಈಗಿಲ್ಲ. 1565ರ ಯುದ್ಧದ ನಂತರ ಎಲ್ಲ ಹಾಳಾಗಿ, ಕಲ್ಲಿನ ಜಗತಿಗಳು ಮಾತ್ರ ಉಳಿದಿವೆ. ಆದರೆ ಭೋಜನಶಾಲೆ ಎಂದು ಜನ ಕರೆಯುವ ಸ್ಥಳದಲ್ಲಿ, ನೀರಿನ ಕಾಲುವೆಯ ಎರಡೂ ದಂಡೆಗೆ ಸಾಲಾಗಿ ಕೊರೆದ ಕಲ್ಲಿನ ತಟ್ಟೆಗಳು ಇಂದಿಗೂ ಇವೆ. ರಾಜನ ಮಂಚ ಎಲ್ಲಿತ್ತು ಎಂದು ತೋರಿಸುವವರಿಲ್ಲ. ಉಂಡವರ ಸಾಲು ಎಲ್ಲಿತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಅರಮನೆಯ ರೂಪವನ್ನು ಅನುಕರಿಸಿ ಕಟ್ಟುವವರು ಕಟ್ಟಲಿ. ನಾವು ಅನುಕರಿಸುವುದಾದರೆ ಆ ತಟ್ಟೆಗಳ ಸಾಲನ್ನು ಅನುಕರಿಸೋಣ.

ಇನ್ನು ನಿಮ್ಮ ಬಿನ್ನಹಕ್ಕೆ ಉತ್ತರ. ಯಾತ್ರಿನಿವಾಸ ಆಗಲಿ. ಸೋರುವ ಮಾಡು ಭಕ್ತಿಯ ಗುರುತಲ್ಲ, ಹೊಲಸು ಪಾಯಖಾನೆ ವೈರಾಗ್ಯವಲ್ಲ. ಶುಚಿತ್ವವನ್ನು ಆ ಹೋಟೆಲಿನವರಿಂದ ನಾವು ಕಲಿಯಬೇಕು. ಬಿಳಿಯ ಹಾಸು, ಬಿಸಿನೀರು, ಬಂದವರೊಡನೆ ನಗುಮೊಗದ ಮಾತು, ಇವನ್ನು ಕಲಿಯುವುದಕ್ಕೆ ನಾಚಿಕೆ ಬೇಡ. ಎಲ್ಲ ಕೋಣೆಗಳೂ ಒಂದೇ ಬಗೆಯಾಗಿರಲಿ. ಕೆಳಗಿನ ನಾಲ್ಕನ್ನು ತುಸು ಹೆಚ್ಚಿನ ಅನುಕೂಲದಿಂದ ಕಟ್ಟಿಸಿರಿ. ಅವು ಹಣ ಹೆಚ್ಚು ಕೊಟ್ಟವರಿಗಲ್ಲ. ಮುದುಕರಿಗೆ, ಬಸುರಿಯರಿಗೆ, ಬಾಣಂತಿಯರಿಗೆ, ಕಾಲಿಲ್ಲದವರಿಗೆ. ಮತ್ತೆ ಒಂದು ಕೋಣೆಯನ್ನು ಯಾರಿಗೂ ಮುಂಚೆ ಗೊತ್ತುಮಾಡಿ ಕೊಡಬೇಡಿರಿ. ತಿಥಿಯಿಲ್ಲದೆ ಬರುವವನಿಗಾಗಿ ಅದು ಯಾವಾಗಲೂ ತೆರೆದಿರಲಿ.

ದಾಸೋಹಕ್ಕೆ ಹಣ ಎಲ್ಲಿಂದ ಬರಬೇಕು ಎಂದು ಹಿರಿಯರು ಕೇಳಿದಿರಿ. ಆ ಭಯ ನಮಗೂ ಇದೆ, ಇಲ್ಲವೆನ್ನುವುದಿಲ್ಲ. ಬರಗಾಲದಲ್ಲಿ ಚೀಲಗಳು ಕಡಿಮೆಯಾದಾಗ ನಮ್ಮ ಎದೆಯೂ ನಡುಗಿದೆ. ಆದರೆ ಪಂಕ್ತಿಭೇದದಿಂದ ಬಂದ ಹಣದಲ್ಲಿ ಪಂಕ್ತಿಭೋಜನ ನಡೆಸಲಾಗದು. ಮನೆಗೊಂದು ಸೇರು ಜೋಳ ಬಂದರೆ ಸಾಕು. ಅದೂ ಆಗದ ದಿನ ನಾವು ಜೋಳಿಗೆ ಹಿಡಿದು ನಿಮ್ಮ ಓಣಿಗೆ ಬರುತ್ತೇವೆ.

ಕೊನೆಯದಾಗಿ ಒಂದು ಮಾತು. ಈ ಹೋಟೆಲುಗಳು ಇಷ್ಟು ಬೆಳೆಯಲು ನಮ್ಮ ಮನೆಗಳ ಪಾಲೂ ಇದೆ. ಹಿಂದೆ ಗುರುತಿಲ್ಲದವನು ಬಂದರೂ ಪಡಸಾಲೆಯಲ್ಲಿ ಕೌದಿ ಹಾಸಿ, ಬೆಲ್ಲ ನೀರು ಕೊಟ್ಟು, ಆಮೇಲೆ ಊರು ಕೇಳುತ್ತಿದ್ದೆವು. ಈಗ ಬೀಗರು ಬಂದರೂ ಯಾವಾಗ ಹೋಗುವಿರಿ ಎಂದು ಮೊದಲು ಕೇಳುತ್ತೇವೆ. ಮನೆಯಲ್ಲಿ ಬಾ ಎನ್ನುವವರಿಲ್ಲದಾಗ, ಹಣ ಕೊಟ್ಟಾದರೂ ಬನ್ನಿ ಎನ್ನಿಸಿಕೊಳ್ಳಲು ಮನುಷ್ಯ ಹೋಗುತ್ತಾನೆ. ಆದ್ದರಿಂದ ಯಾತ್ರಿನಿವಾಸದ ಅಡಿಗಲ್ಲು ಹಾಕುವ ಮುಂಚೆ, ಈ ತಿಂಗಳಲ್ಲಿ ಒಂದು ದಿನ, ನಿಮ್ಮ ಓಣಿಯಲ್ಲಿ ಹಾಯ್ದುಹೋಗುವ ಒಬ್ಬ ಗುರುತಿಲ್ಲದವನನ್ನು ಕರೆದು ರೊಟ್ಟಿ ಉಣಿಸಿರಿ. ಅದನ್ನೇ ಮೊದಲ ದೇಣಿಗೆಯೆಂದು ಮಠವು ಬರೆದುಕೊಳ್ಳುತ್ತದೆ.

ನಿಮ್ಮೆಲ್ಲರ ಮನೆಯ ಬಾಗಿಲು ತೆರೆದಿರಲಿ, ಒಲೆ ಆರದಿರಲಿ ಎಂದು ಹರಸಿ ನಮ್ಮ ಮಾತು ಮುಗಿಸುತ್ತೇವೆ.