ತುರ್ತು ಚಿಕಿತ್ಸೆಗೂ ತಜ್ಞರಿದ್ದಾರೆ



ನಡುರಾತ್ರಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ನಾವು ಓಡುವುದು ಆಸ್ಪತ್ರೆಯ ತುರ್ತು ವಿಭಾಗಕ್ಕೆ. ಹಿಂದೆ ಅಲ್ಲಿ ಹೆಚ್ಚಾಗಿ ಇರುತ್ತಿದ್ದವರು ಡ್ಯೂಟಿ ಡಾಕ್ಟರು. ತಜ್ಞರು ಬರುವವರೆಗೆ ಕಾಯಬೇಕಿತ್ತು. 2009ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ತುರ್ತು ಚಿಕಿತ್ಸೆಯನ್ನು ಪ್ರತ್ಯೇಕ ವಿಭಾಗವೆಂದು ಮಾನ್ಯ ಮಾಡಿತು. ಈಗ ಅದಕ್ಕೆ ಮೂರು ವರ್ಷದ ಎಂ.ಡಿ. ಇದೆ. ನಮ್ಮ ಚೆನ್ನೈನಲ್ಲೇ ಪೋರೂರಿನ ಶ್ರೀ ರಾಮಚಂದ್ರದಲ್ಲಿ ಓದಬಹುದು.

ಕೆಲವರು ಅಲ್ಲಿಗೂ ನಿಲ್ಲುವುದಿಲ್ಲ. ವಿಷ ಸೇವನೆ, ಅಪಘಾತದ ಗಾಯ, ಅಲ್ಟ್ರಾಸೌಂಡ್ ಹೀಗೆ ಒಂದೊಂದರಲ್ಲಿ ಫೆಲೋಶಿಪ್ ಮಾಡುತ್ತಾರೆ. ಗಾಯಾಳುವಿನ ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂದು ಮಂಚದ ಬಳಿಯೇ, ಕೆಲವೇ ನಿಮಿಷಗಳಲ್ಲಿ ಕಂಡುಹಿಡಿಯಲು ಈ ಕಲಿಕೆ ಬೇಕು.

ಆದರೆ ಎಷ್ಟು ಓದಿದ ವೈದ್ಯರಾದರೂ ಕಳೆದ ಸಮಯವನ್ನು ಹಿಂದಕ್ಕೆ ತರಲಾರರು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ತೊಂದರೆ ಶುರುವಾದ ಹೊತ್ತನ್ನು ಗುರುತಿಟ್ಟುಕೊಳ್ಳಿ. ಕೂಡಲೇ 108ಕ್ಕೆ ಫೋನ್ ಮಾಡಿ. ಮಾತ್ರೆಗಳ ಚೀಟಿ ಕೈಯಲ್ಲಿರಲಿ. ಅಜ್ಜಿಗೆ ಕನ್ನಡ ಮಾತ್ರ ಬರುವುದಾದರೆ ತಮಿಳು ಬಲ್ಲವರೊಬ್ಬರು ಜೊತೆಗೆ ಹೋಗಿ. ನಿಮಗಿಂತ ತಡವಾಗಿ ಬಂದವರನ್ನು ಮೊದಲು ಒಳಗೆ ಕರೆದರೆ ಜಗಳಕ್ಕೆ ನಿಲ್ಲಬೇಡಿ. ಅಲ್ಲಿ ಸರದಿ ನಿರ್ಧಾರವಾಗುವುದು ಬಂದ ಹೊತ್ತಿನಿಂದಲ್ಲ, ಅಪಾಯದ ತೀವ್ರತೆಯಿಂದ.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ವೈದ್ಯಕೀಯ ಓದುವ ಮಗಳೋ ಮಗನೋ ಈ ದಾರಿ ಹಿಡಿಯುತ್ತೇನೆಂದರೆ, "ರಾತ್ರಿ ಪಾಳಿ, ಸ್ವಂತ ಕ್ಲಿನಿಕ್ ಇಲ್ಲ" ಎಂದು ತಡೆಯಬೇಡಿ. ನಡುರಾತ್ರಿ ನಮಗೆ ಬಾಗಿಲು ತೆರೆಯುವವರು ಅವರೇ.